ಯಾಜಕಕಾಂಡದಲ್ಲಿ ನಿಂತುಹೋದ ಓದು

ಪ್ರಶ್ನೆ: ಎಸ್ಟೇಟಿನಲ್ಲಿ ರೈಟರ್ ಆಗಿದ್ದೇನೆ. ಪ್ರತಿ ಜನವರಿ 1ಕ್ಕೆ ಮೊದಲ ಪುಸ್ತಕ ಆದಿಕಾಂಡದಿಂದ ಸತ್ಯವೇದ (ಬೈಬಲ್) ಹಿಡಿಯುತ್ತೇನೆ, ವಿಧಿನಿಯಮಗಳೇ ತುಂಬಿರುವ ಮೂರನೆಯ ಪುಸ್ತಕ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಬಿಟ್ಟುಹೋಗುತ್ತದೆ. ಕುಯ್ಲಿನ ದಿನಗಳಲ್ಲಂತೂ ಮನೆ ಸೇರಿದರೆ ಸಾಕು, ಕಣ್ಣು ಎಳೆಯುತ್ತದೆ. ಈ ಓದು ನನಗೆ ಹತ್ತುವುದೇ ಇಲ್ಲವೇ?
— ಓದುಗ, ಸಕಲೇಶಪುರ

ಉತ್ತರ: ಹತ್ತುತ್ತದೆ ತಮ್ಮಾ. ನಾನೂ ಎರಡು ವರ್ಷ ಅಲ್ಲೇ ನಿಂತವಳು. 13ನೇ ಅಧ್ಯಾಯದ ಚರ್ಮದ ಬಾವು, ಬೆಳ್ಳಗಾದ ಕೂದಲು ಬಂದ ಕೂಡಲೇ ಪುಸ್ತಕ ಮುಚ್ಚುತ್ತಿದ್ದೆ. 66 ಪುಸ್ತಕಗಳ ಗಂಟನ್ನು ಒಂದೇ ಕಾದಂಬರಿಯಂತೆ ಮೊದಲ ಪುಟದಿಂದ ಹಿಡಿದದ್ದೇ ತಪ್ಪಾಗಿತ್ತು.

ಈ ಸಲ ಹೊಸ ಒಡಂಬಡಿಕೆಯಲ್ಲಿ ಯೇಸುಸ್ವಾಮಿಯ ಕತೆ ಹೇಳುವ ಮಾರ್ಕನ ಸುವಾರ್ತೆ ತೆಗೆಯಿರಿ. ಬರೀ 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು. ಸುಮ್ಮನೆ ಓದಬೇಡಿ, ನಕಲು ಮಾಡಿ. ಹಾಸನದಲ್ಲಿ ಟೀಚರ್ ಆಗಿದ್ದಾಗ ನಾನು ಬೆಳಿಗ್ಗೆ ಡಿಕಾಕ್ಷನ್ ಇಳಿಯುವ ಹೊತ್ತಿಗೆ 200 ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕೈದು ವಚನ ಬರೆಯುತ್ತಿದ್ದೆ. ಎಡಪುಟಕ್ಕೆ ವಚನ, ಬಲಪುಟಕ್ಕೆ ನನಗೆ ಕಂಡದ್ದು, ಕಾಡಿದ್ದು.

ಒಂದು ದಿನ 1ನೇ ಅಧ್ಯಾಯದ 41ನೇ ವಚನ. ಕುಷ್ಠರೋಗಿ ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದಾನೆ, ಯೇಸುಸ್ವಾಮಿ ಕೈಚಾಚಿ ಅವನನ್ನು ಮುಟ್ಟುತ್ತಾರೆ. ‘ಮುಟ್ಟಿ’ ಎಂದು ಬರೆದ ಪೆನ್ನು ಅಲ್ಲೇ ನಿಂತಿತು. ಮಾತಿನಲ್ಲೇ ವಾಸಿಮಾಡಬಹುದಿತ್ತಲ್ಲ, ಮುಟ್ಟಿದ್ದೇಕೆ? 44ರಲ್ಲಿ, ಯಾಜಕನಿಗೆ ಮೈ ತೋರಿಸು, ಮೋಶೆ ವಿಧಿಸಿದ್ದನ್ನು ಅರ್ಪಿಸು ಎನ್ನುತ್ತಾರೆ. ಮೋಶೆ ವಿಧಿಸಿದ್ದು ಎಲ್ಲಿ ಎಂದು ಪುಟದಡಿಯ ಸೂಚನೆ ಹಿಡಿದು ಹೋದರೆ ಯಾಜಕಕಾಂಡ 14! ಅದರ ಹಿಂದಿನದೇ ನಾನು ಓಡಿಹೋಗಿದ್ದ 13. ಅಂಥ ರೋಗಿ ಹರಿದ ಬಟ್ಟೆಯಲ್ಲಿ ‘ಅಶುದ್ಧ, ಅಶುದ್ಧ’ ಎಂದು ಕೂಗಿಕೊಳ್ಳಬೇಕು, ಪಾಳೆಯದ ಹೊರಗೆ ಒಂಟಿಯಾಗಿರಬೇಕು. ಎಷ್ಟು ಕಾಲವಾಗಿತ್ತೋ ಅವನ ಮೈಮೇಲೆ ಇನ್ನೊಬ್ಬರ ಕೈ ಬಿದ್ದು! ಮತ್ತೆ ಮಾರ್ಕನಿಗೆ ಬಂದೆ. 45ರಲ್ಲಿ ವಾಸಿಯಾದವನು ಸುದ್ದಿಯನ್ನೆಲ್ಲ ಸಾರುತ್ತ ಹೋಗುತ್ತಾನೆ, ಸ್ವಾಮಿ ಊರೊಳಗೆ ಕಾಲಿಡಲಾಗದೆ ಹೊರಗೆ ಉಳಿಯುತ್ತಾರೆ. ಅವನಿದ್ದ ಜಾಗಕ್ಕೆ ತಾವು ಹೋದರು. ಡಿಕಾಕ್ಷನ್ ಆರಿತ್ತು, ನನ್ನ ಕಣ್ಣು ತುಂಬಿತ್ತು.

‘ಇದರಲ್ಲಿ ನನಗೇನಿದೆ’ ಎಂಬುದನ್ನು ಕಡೆಗಿಡಿ. ಯಾರು, ಯಾರಿಗೆ, ಎಂಥ ಹೊತ್ತಿನಲ್ಲಿ ಹೇಳಿದರು ಎಂಬುದು ಮೊದಲು. ಹೊಸ ವರ್ಷದ ವಾಗ್ದಾನ ಕಾರ್ಡಿನಲ್ಲಿ (ವಚನ ಬರೆದ ಚೀಟಿ) ಒಳ್ಳೆಯ ದಿನಗಳ ಭರವಸೆ ಕೊಡುವ ಯೆರೆಮೀಯ 29:11 ಬಂದರೆ ಹಿಗ್ಗುತ್ತೇವೆ. ಅದರ ಹಿಂದಿನ ವಚನವೇ ಬಾಬೆಲಿನ 70 ವರ್ಷಗಳ ಮಾತು. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. ಅದನ್ನೂ ಸೇರಿಸಿ ಓದಿದ ಮೇಲೆ ನನಗೆ ಆ ವಚನ ಇನ್ನೂ ಹತ್ತಿರವಾಯಿತು.

ತಿಳಿಯದ ಕಡೆ ಗೆರೆ ಹಾಕಿ, ಭಾನುವಾರ ಚರ್ಚಿನ ಅಯ್ಯನವರನ್ನು (ಪಾದ್ರಿಯವರನ್ನು) ಕೇಳಿ. ಅಪೊಸ್ತಲರ ಕೃತ್ಯಗಳು 8ರಲ್ಲಿ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಯೂ ಕೇಳಿಯೇ ತಿಳಿದದ್ದು. ಎರಡು ದಿನ ತಪ್ಪಿದರೆ ಮೂರನೆಯ ದಿನ ಬಿಟ್ಟಲ್ಲಿಂದಲೇ ಬರೆಯಿರಿ, ಜನವರಿಗೆ ಕಾಯಬೇಡಿ.

ಪ್ರಶ್ನೆ: ನಾನು ಕ್ಯಾಥೊಲಿಕ್, ರೂಮ್‌ಮೇಟ್ ಸಿಎಸ್‌ಐ (ಪ್ರೊಟೆಸ್ಟೆಂಟ್ ಸಭೆ). ನನ್ನ ಬೈಬಲಿನಲ್ಲಿ 73 ಪುಸ್ತಕ, ಅವಳದರಲ್ಲಿ 66. ಒಟ್ಟಿಗೆ ಓದಬಹುದೇ?
— ಓದುಗಳು, ಚಿಕ್ಕಮಗಳೂರು

ಉತ್ತರ: ಧಾರಾಳವಾಗಿ. ಹೆಚ್ಚಿನ 7 ಹಳೆಯ ಒಡಂಬಡಿಕೆಯವು. ಹೊಸದರಲ್ಲಿ ಇಬ್ಬರಿಗೂ ಅವೇ 27. ನೀವು ಶುಭಸಂದೇಶ ಎನ್ನುವುದನ್ನು ಅವಳು ಸುವಾರ್ತೆ ಎನ್ನುತ್ತಾಳೆ, ಅಷ್ಟೆ. ಒಂದೇ ವಚನವನ್ನು ಇಬ್ಬರೂ ಗಟ್ಟಿಯಾಗಿ ಓದಿ, ಪದ ಬೇರೆಯಾದ ಕಡೆ ನಿಂತು ಮಾತಾಡಿ.