ಎರಡು ಇಂಟರ್ನೆಟ್, ಒಂದು ಕಂಪ್ಯೂಟರ್

ಪ್ರಶ್ನೆ: ಮನೆಯ ವಿಂಡೋಸ್ ಕಂಪ್ಯೂಟರಿಗೆ ಫೈಬರ್ ರೂಟರಿನಿಂದ ಕೇಬಲ್ ಎಳೆದಿದ್ದೇನೆ, 4ಜಿ ರೂಟರಿನ ವೈಫೈಗೂ ಸೇರಿಸಿದ್ದೇನೆ. ಆದರೂ ಎಲ್ಲವೂ ಫೈಬರಿನಲ್ಲೇ ಹೋಗುತ್ತದೆ. ಆಫೀಸಿನ ಸರ್ವರ್ ಮಾತ್ರ 4ಜಿಯಲ್ಲಿ ಹೋಗುವಂತೆ ಮಾಡಬಹುದೇ? ಎರಡರ ವೇಗವೂ ಕೂಡಿ ಸಿಗುತ್ತದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲನೆಯದು ಆಗುತ್ತದೆ, ಎರಡನೆಯದು ಆಗದು. ಮೊದಲನೆಯದಕ್ಕೆ ಬೇಕಾದದ್ದು ಸ್ಟ್ಯಾಟಿಕ್ ರೂಟ್, ಅಂದರೆ ಕಂಪ್ಯೂಟರಿನಲ್ಲಿ ನಾವೇ ಬರೆದಿಡುವ ದಾರಿ. ಯಾವ ವಿಳಾಸಕ್ಕೆ ಯಾವ ದಾರಿ ಎಂದಷ್ಟೇ ಅದು ಹೇಳುತ್ತದೆ. ವೇಗ ಕೂಡಿಸುವುದು ಅದರ ಕೆಲಸವಲ್ಲ.

ಮೊದಲು ಎರಡೂ ರೂಟರುಗಳ ವಿಳಾಸ ನೋಡಿ. ಎರಡೂ 192.168.1.1 ಆಗಿದ್ದರೆ ಮುಂದೆ ಏನು ಮಾಡಿದರೂ ಗೋಜಲೇ. ಆ ವಿಳಾಸ ಕೇಬಲ್ ಕಡೆಯದೋ ವೈಫೈ ಕಡೆಯದೋ ವಿಂಡೋಸ್‌ಗೆ ತಿಳಿಯುವುದಿಲ್ಲ. 4ಜಿ ರೂಟರಿನ ಲ್ಯಾನ್ ಸೆಟ್ಟಿಂಗಿನಲ್ಲಿ ಅದನ್ನು 192.168.8.1 ಎಂದು ಬದಲಿಸಿ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಟೈಪ್ ಮಾಡಿ:

route -p add 203.0.113.25 mask 255.255.255.255 192.168.8.1

203ರಿಂದ ಶುರುವಾಗುವುದು ಬರೀ ಉದಾಹರಣೆ. ಅಲ್ಲಿ ನಿಮ್ಮ ಸರ್ವರಿನ ವಿಳಾಸ ಹಾಕಿ. ಮಾಸ್ಕ್ ಎಂದರೆ ರೂಟ್ ಎಷ್ಟು ವಿಳಾಸಗಳಿಗೆ ಅನ್ವಯ ಎಂಬ ಗುರುತು. ನಾಲ್ಕೂ 255 ಇದ್ದರೆ ಆ ಒಂದು ವಿಳಾಸಕ್ಕೆ ಮಾತ್ರ ಎಂದರ್ಥ. -ಪಿ ಬಿಟ್ಟರೆ ರೀಸ್ಟಾರ್ಟ್ ಆದಾಗ ರೂಟ್ ಅಳಿದುಹೋಗುತ್ತದೆ. ಮೆಟ್ರಿಕ್ (ರೂಟಿನ ಆದ್ಯತೆಯ ಅಂಕೆ, ಕಡಿಮೆ ಇದ್ದದ್ದೇ ಮೊದಲು) ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ: ಹೆಚ್ಚು ನಿರ್ದಿಷ್ಟವಾದ, ಅಂದರೆ ಕಡಿಮೆ ವಿಳಾಸಗಳಿಗೆ ಅನ್ವಯಿಸುವ ರೂಟೇ ಯಾವಾಗಲೂ ಗೆಲ್ಲುತ್ತದೆ, ಸಮನಾದ ರೂಟುಗಳ ನಡುವೆ ಮಾತ್ರ ಮೆಟ್ರಿಕ್ ಲೆಕ್ಕಕ್ಕೆ ಬರುತ್ತದೆ. ಈಗ ಎಲ್ಲವೂ ಫೈಬರ್ ಹಿಡಿಯುತ್ತಿರುವುದೂ ಅದಕ್ಕೇ. ಎರಡು ಡೀಫಾಲ್ಟ್ ರೂಟುಗಳೂ (ಬೇರೆ ದಾರಿ ಬರೆದಿಲ್ಲದ ಎಲ್ಲ ವಿಳಾಸಗಳ ದಾರಿ) ಸಮ, ಕೇಬಲ್ಲಿನ ಮೆಟ್ರಿಕ್ ಕಡಿಮೆ.

ದಾರಿ ಪರೀಕ್ಷಿಸಲು ಟ್ರೇಸರ್ಟ್ -ಡಿ (tracert -d) ಕೊಟ್ಟು ಅದೇ ವಿಳಾಸ ಹಾಕಿ. ಮೊದಲ ಸಾಲಿನಲ್ಲಿ 192.168.8.1 ಕಂಡರೆ ಕೆಲಸ ಆಯಿತು.

ಸರ್ವರಿಗೆ ಹೆಸರಿನಿಂದ ಸಂಪರ್ಕಿಸುವವರಿಗೆ ಒಂದು ತೊಡಕಿದೆ. ಆ ಹೆಸರಿಗೆ ಐಪಿವಿ6 (ಹೊಸ ಬಗೆಯ, ಉದ್ದದ) ವಿಳಾಸವೂ ಇದ್ದು, ಫೈಬರ್ ಐಪಿವಿ6 ಕೊಡುತ್ತಿದ್ದರೆ, ಸಂಪರ್ಕ ಆ ಕಡೆಗೇ ಹೋಗಬಹುದು. ನೀವು ಬರೆದದ್ದು ಐಪಿವಿ4 (ಹಳೆಯ, ನಾಲ್ಕು ಅಂಕೆಗಳ ವಿಳಾಸದ) ರೂಟ್, ಅದು ಐಪಿವಿ6ಗೆ ಅನ್ವಯಿಸದು. ಯೂಟ್ಯೂಬಿನಂಥ ತಾಣಗಳ ವಿಳಾಸಗಳಂತೂ ಹಲವು, ಬದಲಾಗುತ್ತಲೂ ಇರುತ್ತವೆ. ಅವನ್ನು ಈ ರೀತಿ ತಿರುಗಿಸಲು ಹೋಗಬೇಡಿ.

0.0.0.0 ಮತ್ತು 128.0.0.0 ಎರಡಕ್ಕೂ 128.0.0.0 ಮಾಸ್ಕ್ ಕೊಟ್ಟು ಇಡೀ ಇಂಟರ್ನೆಟ್ಟನ್ನೇ ಅರ್ಧರ್ಧ ಹಂಚುವ ಉಪಾಯವೂ ಇದೆ. ಕೆಲಸ ಮಾಡುತ್ತದೆ, ಆದರೆ ನಮ್ಮ ಸಲಹೆ ಬೇಡವೆಂದೇ. ಒಂದೇ ತಾಣಕ್ಕೆ ನೀವು ಎರಡು ಐಪಿಗಳಿಂದ ಬಂದಂತೆ ಕಂಡರೆ ಬ್ಯಾಂಕಿನ ಲಾಗಿನ್ ನಡುವೆಯೇ ಕಡಿದುಹೋಗಬಹುದು.

ವೈಫೈಯೇ ಕಡಿದರೆ ಸರ್ವರ್ ತಾನಾಗಿ ಫೈಬರಿಗೆ ಮರಳುತ್ತದೆ. ವೈಫೈ ಇದ್ದು 4ಜಿ ಸಿಗ್ನಲ್ ಮಾತ್ರ ಹೋದರೆ ಮರಳುವುದಿಲ್ಲ, ರೂಟ್ ಹಾಗೇ ಉಳಿದಿರುತ್ತದೆ. ಆಗ route delete 203.0.113.25 ಎಂದು ನೀವೇ ತೆಗೆಯಬೇಕು.