ಅಪ್ಪನಿಗೆ ಸುಳ್ಳು ಹೇಳಿದ್ದೇನೆ, ಎರಡು ಸಬ್ಜೆಕ್ಟ್ ಬ್ಯಾಕ್ ಇದೆ

ಪ್ರಶ್ನೆ: ಹಾವೇರಿ ಜಿಲ್ಲೆಯವನು. ಅಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಎಲೆಕ್ಟ್ರಿಕಲ್ ಡಿಪ್ಲೊಮಾದಲ್ಲಿ ಪಾಲಿಟೆಕ್ನಿಕ್‌ಗೇ ಫಸ್ಟ್ ಬಂದಿದ್ದೆ. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಇಂಜಿನಿಯರಿಂಗ್ ಸೇರಿದೆ. ಮೂರನೇ ಸೆಮ್‌ನಲ್ಲಿ ಗಣಿತ, ಸರ್ಕ್ಯೂಟ್ ಅನಾಲಿಸಿಸ್ ಎರಡೂ ಹೋದವು. ಗಣಿತದ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ತಲೆಬುಡ ತಿಳಿಯುತ್ತಿಲ್ಲ. ರೂಮ್‌ಮೇಟ್ ಕಂಪ್ಯೂಟರ್ ಸೈನ್ಸ್. ‘ನಿಮ್ಮ ಬ್ರಾಂಚಿಗೆ ಕೆಲಸ ಎಲ್ಲಿದೆ’ ಎಂದು ಆಡಿಕೊಳ್ಳುತ್ತಾನೆ. ಮನೆಯಲ್ಲಿ ಎಲ್ಲ ಪಾಸ್ ಅಂತ ಹೇಳಿದ್ದೇನೆ. ಓದು ಬಿಟ್ಟು ಬೆಂಗಳೂರಿನಲ್ಲಿ ಕೋಡಿಂಗ್ ಕೋರ್ಸ್ ಸೇರಲೇ?

ಉತ್ತರ: ಕೋರ್ಸಿನ ಮಾತು ಆಮೇಲೆ. ಮೊದಲು ಆ ಸುಳ್ಳು.

ನಿಮ್ಮ ಅಪ್ಪನ ಅಂಗಡಿಗೆ ದಿನವೂ ಸುಟ್ಟ ಮೋಟರ್ ಬರುತ್ತವೆ. ಸುಟ್ಟಿದ್ದಕ್ಕೆ ಅವರು ಯಾರನ್ನೂ ಬೈದಿರಲಾರರು, ಅದು ಅವರ ಅನ್ನ. ಆದರೆ ಒಂದು ಫೇಸ್ ಹೋದಾಗಲೂ ಪಂಪ್ ಓಡಿಸಿ, ‘ಏನೂ ಮಾಡಿಲ್ಲ ಸಾವ್ಕಾರ್ರೆ, ತಾನೇ ನಿಂತೋಯ್ತು’ ಅನ್ನುವ ಗಿರಾಕಿಯ ಮೇಲೆ ಸಿಟ್ಟು ಬರುತ್ತದೆ, ಅಲ್ವಾ? ನೀವೀಗ ಆ ಗಿರಾಕಿ.

ಇನ್ನು ಗಣಿತ. ನಾನೂ ಎಲೆಕ್ಟ್ರಿಕಲ್ ಓದಿದವಳೇ. ಮೂರನೇ ಸೆಮ್‌ನ ಗಣಿತ, ಎಂ-ತ್ರೀ, ಎರಡು ಸಲ ಬರೆದಿದ್ದೇನೆ. ಪಿಯುಸಿಯಿಂದ ಬಂದವರು ಎರಡು ವರ್ಷ ಕ್ಯಾಲ್ಕುಲಸ್ ಅರೆದು, ಮೊದಲ ವರ್ಷದಲ್ಲಿ ಮತ್ತಷ್ಟು ಓದಿ ನಿಮ್ಮ ಪಕ್ಕ ಕೂತಿದ್ದಾರೆ. ನೀವು ಆ ಹೊತ್ತಿನಲ್ಲಿ ವರ್ಕ್‌ಶಾಪಿನಲ್ಲಿದ್ದಿರಿ. ಹಾಗಾಗಿ ಲ್ಯಾಪ್ಲಾಸ್ ಪುಸ್ತಕ ಸದ್ಯ ಮುಚ್ಚಿಡಿ. ಪಿಯುಸಿಯ ಎನ್‌ಸಿಇಆರ್‌ಟಿ ಗಣಿತ ತೆರೆಯಿರಿ, ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಇಂಟಿಗ್ರೇಷನ್, ಡಿಫರೆನ್ಷಿಯಲ್ ಇಕ್ವೇಷನ್, ಕಾಂಪ್ಲೆಕ್ಸ್ ನಂಬರ್, ಈ ಮೂರು ಪಾಠ ಸಾಕು. ದಿನಕ್ಕೆ ಒಂದು ಗಂಟೆ, ಪೆನ್ನು ಹಿಡಿದು. ವಿಡಿಯೊ ನೋಡುತ್ತಾ ತಲೆಯಾಡಿಸಿದರೆ ಲೆಕ್ಕ ಬರುವುದಿಲ್ಲ.

ಆಮೇಲೆ ಸರ್ಕ್ಯೂಟ್‌ಗೆ ಬನ್ನಿ. ಇಲ್ಲಿ ನೀವು ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದೀರಿ, ಅದೇ ನಿಮಗೆ ಕಾಣುತ್ತಿಲ್ಲ. ದೊಡ್ಡ ಪಂಪಿಗೆ ಅಪ್ಪ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಯಾಕೆ ಹಾಕುತ್ತಾರೆ? ಮೋಟರ್ ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅದಕ್ಕೇ ಮೂರು ವೈಂಡಿಂಗ್‌ಗಳನ್ನು ಮೊದಲು ಸ್ಟಾರ್ ಆಗಿ ಜೋಡಿಸಿ, ವೇಗ ಬಂದಮೇಲೆ ಡೆಲ್ಟಾಕ್ಕೆ ಬದಲಿಸುತ್ತಾರೆ. ಸ್ಟಾರ್‌ನಲ್ಲಿ ಒಂದೊಂದು ವೈಂಡಿಂಗ್‌ಗೆ ಸಿಗುವುದು ಲೈನಿನ 415 ವೋಲ್ಟ್ ಅಲ್ಲ, ಅದನ್ನು ಮೂರರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 240. ಲೈನಿನಿಂದ ಬರುವ ಕರೆಂಟ್ ಡೆಲ್ಟಾದಲ್ಲಿ ಎಳೆಯುವುದರ ಮೂರನೇ ಒಂದಕ್ಕೆ ಇಳಿಯುತ್ತದೆ. ಅಪ್ಪ ಕೈಯಲ್ಲಿ ಆರು ತುದಿ ಜೋಡಿಸುವುದನ್ನೇ ನಿಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿರುವುದು. ಲ್ಯಾಪ್ಲಾಸ್ ಕೂಡ ಅಷ್ಟೇ. ಸ್ವಿಚ್ ಹಾಕಿದ ಆ ಕ್ಷಣದಲ್ಲಿ ಕಾಯಿಲಿನಲ್ಲಿ ಕರೆಂಟ್ ಹೇಗೆ ಏರುತ್ತದೆ ಎನ್ನುವ ಡಿಫರೆನ್ಷಿಯಲ್ ಇಕ್ವೇಷನ್ನನ್ನು ಹೈಸ್ಕೂಲಿನ ಬೀಜಗಣಿತದಂತೆ ಬಿಡಿಸಿ, ಟೇಬಲ್ ನೋಡಿ ವಾಪಸ್ ಬರುವ ಒಂದು ದಾರಿ.

ರೂಮ್‌ಮೇಟ್‌ಗೆ ಸುಮ್ನೆ ಒಂದು ಕಥೆ ಹೇಳಿ. 1937ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕ್ಲಾಡ್ ಶಾನನ್ ಎಂಬ ಎಲೆಕ್ಟ್ರಿಕಲ್ ಹುಡುಗ ಸ್ನಾತಕೋತ್ತರ ಪ್ರಬಂಧ ಬರೆದ. ರಿಲೇ, ಅಂದರೆ ಕರೆಂಟಿನಿಂದಲೇ ಆಡುವ ಸ್ವಿಚ್, ಅವುಗಳ ಸರ್ಕ್ಯೂಟ್‌ಗಳನ್ನು ಹೌದು-ಇಲ್ಲ ಲೆಕ್ಕದ ಬೂಲಿಯನ್ ಬೀಜಗಣಿತದಿಂದ ಬಿಡಿಸಬಹುದು ಎಂದು ಅದರಲ್ಲಿ ತೋರಿಸಿದ. ಇಂದಿನ ಡಿಜಿಟಲ್ ಸರ್ಕ್ಯೂಟ್‌ಗಳ ಬುಡ ಅಲ್ಲಿದೆ. ನಿಮ್ಮಪ್ಪನ ಸ್ಟಾರ್ಟರ್ ಡಬ್ಬಿಯಲ್ಲೂ ರಿಲೇ ಇದೆಯಲ್ಲ!

ಕೋಡಿಂಗ್ ಕಲಿಯಬೇಡಿ ಅನ್ನುತ್ತಿಲ್ಲ. ಸಂಜೆ ಹಾಸ್ಟೆಲ್‌ನಲ್ಲೇ ಸಿ, ಪೈಥಾನ್ ಕಲಿಯಿರಿ. ಐಐಟಿಗಳ ಆನ್‌ಲೈನ್ ಎನ್‌ಪಿಟಿಇಎಲ್ ಪಾಠ ಉಚಿತ. ದುಡ್ಡು ಮೊದಲು ಕಟ್ಟಿಸಿಕೊಂಡು ಕೆಲಸ ಗ್ಯಾರಂಟಿ ಅನ್ನುವವರನ್ನು ನಾನಂತೂ ನಂಬುವುದಿಲ್ಲ. ಡಿಗ್ರಿ ಅರ್ಧಕ್ಕೆ ಬಿಟ್ಟರೆ ವಿದ್ಯುತ್ ನಿಗಮ ಕೆಪಿಟಿಸಿಎಲ್‌ನ ಸಹಾಯಕ ಇಂಜಿನಿಯರ್ (ಎಇ) ಪರೀಕ್ಷೆಯೂ ಇಲ್ಲ, ಎಂ.ಟೆಕ್‌ಗೆ ಬರೆಯುವ ಗೇಟ್ ಪರೀಕ್ಷೆ ಕೂಡ ಇಲ್ಲ. ಅವಕ್ಕೆ ಬರೆಯುವವರು ಜಾಸ್ತಿ, ನಿಜ. ಆದರೂ ಬಾಗಿಲನ್ನು ನೀವೇ ಯಾಕೆ ಹಾಕಿಕೊಳ್ಳುತ್ತೀರಿ? ನಾಲ್ಕನೇ ಸೆಮ್ ಮುಗಿಯುವವರೆಗೆ ಇರಿ. ಮಷಿನ್ಸ್ ಲ್ಯಾಬಿನಲ್ಲೂ ಬೇಸರವೇ ಬಂದರೆ ಮತ್ತೆ ಬರೆಯಿರಿ, ಆಗ ಬೇರೆ ಮಾತಾಡೋಣ.

ರಿವ್ಯಾಲ್ಯುಯೇಷನ್‌ಗೆ ಕೊನೆಯ ದಿನ ಯಾವುದು, ಬ್ಯಾಕ್ ಎಷ್ಟಾದರೆ ವರ್ಷ ಹೋಗುತ್ತದೆ, ಇವನ್ನು ನಾಳೆಯೇ ಕಾಲೇಜ್ ಆಫೀಸಿನಲ್ಲಿ ಕೇಳಿ. ಶನಿವಾರ ಊರಿನ ಬಸ್ ಹತ್ತಿ. ಫೋನಿನಲ್ಲಿ ಹೇಳಬೇಡಿ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಪಕ್ಕದಲ್ಲಿ ಕೂತು ಹೇಳಿ. ಸರ್ಕ್ಯೂಟ್ ನೋಟ್ಸ್ ಕೈಯಲ್ಲಿರಲಿ.