ಎಲೀಟ್ ಡೇಂಜರಸ್: ಭೂಮಿಯಂಥ ಉಪಗ್ರಹ ಎಲ್ಲಿ ಹುಡುಕೋದು?

ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶದ ವಿಡಿಯೊ ಗೇಮ್‌ನಲ್ಲಿ ಬರೀ ಹಿಮದ ಗೋಳಗಳೇ ಸಿಗ್ತಿವೆ, ಅನಿಲ ದೈತ್ಯವನ್ನು (ಗುರುವಿನಂಥ ದೊಡ್ಡ ಅನಿಲ ಗ್ರಹ) ಸುತ್ತುವ ಭೂಮಿಯಂಥ ಉಪಗ್ರಹ ಬೇಕು ಅಂತ ಕೇಳಿದ ಶಿರಸಿಯವರಿಗೆ:

ಆಟದ ಗ್ಯಾಲಕ್ಸಿ ಮ್ಯಾಪ್‌ನ ಫಿಲ್ಟರ್‌ನಲ್ಲಿ ನಕ್ಷತ್ರಗಳ ಎಂ ವರ್ಗ ತೆಗೆದು ಎ, ಎಫ್, ಜಿ, ಕೆ ಮಾತ್ರ ಇಡಿ, ರೂಟ್‌ಗೂ ಅದೇ ಫಿಲ್ಟರ್ ಹಚ್ಚಿ. ನಕ್ಷತ್ರ ವ್ಯವಸ್ಥೆಯ ಹೆಸರಿನಲ್ಲಿ ಕೊನೆಯ ಅಂಕಿಗಳಿಗೆ ಮುಂಚೆ ಬರುವ ಸಣ್ಣ ಇಂಗ್ಲಿಷ್ ಅಕ್ಷರ ಆ ವ್ಯವಸ್ಥೆಯ ದ್ರವ್ಯರಾಶಿಯ ಗುರುತು. ಅದು ‘ಡಿ’ ಇದ್ದ ಕಡೆ ಅವಕಾಶ ಚೆನ್ನಾಗಿದೆ, ‘ಎ’, ‘ಬಿ’ ಬಿಟ್ಟುಬಿಡಿ.

ವ್ಯವಸ್ಥೆಯ ಒಳಹೊಕ್ಕ ಕೂಡಲೇ ಡಿಸ್ಕವರಿ ಸ್ಕ್ಯಾನರ್ ಒತ್ತಿಹಿಡಿದು, ಸೂಪರ್‌ಕ್ರೂಸ್‌ನಲ್ಲೇ (ವ್ಯವಸ್ಥೆಯೊಳಗಿನ ವೇಗದ ಯಾನ) ಥ್ರಾಟಲ್ ಸೊನ್ನೆಗೆ ತಂದು ಎಫ್‌ಎಸ್‌ಎಸ್ (ಫುಲ್ ಸ್ಪೆಕ್ಟ್ರಮ್ ಸ್ಕ್ಯಾನರ್, ದೂರದ ಗ್ರಹಗಳನ್ನು ಗುರುತಿಸುವ ಸಾಧನ) ತೆರೆಯಿರಿ. ವೇಗ ಹೆಚ್ಚಿದ್ದರೆ ತೆರೆಯೋದಿಲ್ಲ. ಕೆಳಗಿನ ಪಟ್ಟಿಯಲ್ಲಿ ಭೂಮಿಯಂಥದ್ದರ ಜಾಗ ಖಾಲಿಯಿದ್ದರೆ ಎಲ್ಲವನ್ನೂ ಸ್ಕ್ಯಾನ್ ಮಾಡುತ್ತ ಕೂರಬೇಡಿ, ಮುಂದಕ್ಕೆ ಹಾರಿ. ಆ ಜಾಗದಲ್ಲಿ ಗೆರೆ ಎದ್ದಿದ್ದರೆ ಸ್ಕ್ಯಾನರನ್ನು ಅಲ್ಲಿಗೆ ಟ್ಯೂನ್ ಮಾಡಿ ಜೂಮ್ ಮಾಡಿ. ಹೆಸರು ‘4 ಎ’ ಥರ ಅಕ್ಷರದಲ್ಲಿ ಮುಗಿದರೆ ಅದು ಉಪಗ್ರಹ. ಉಂಗುರ ಇರುವಂಥದ್ದು ಸಿಕ್ಕರಂತೂ ಹಬ್ಬ! ಇಳಿಯಲು ಮಾತ್ರ ಆಗದು, ಮೇಲಿಂದಲೇ ಪ್ರೋಬ್ (ಸಣ್ಣ ಶೋಧಕ) ಹಾರಿಸಿ ಮ್ಯಾಪ್ ಮಾಡಬೇಕು.

ಮಳೆಗಾಲದಲ್ಲಿ ಕರೆಂಟ್ ಹೋದರೆ ಹೆದರಬೇಡಿ, ಮುಗಿಸಿದ ಸ್ಕ್ಯಾನ್ ಸರ್ವರ್‌ನಲ್ಲಿರುತ್ತೆ. ಆದರೆ ಸ್ಕ್ಯಾನ್ ಡೇಟಾವನ್ನು ಆಟದೊಳಗೆ ಮಾರುವ ಮೊದಲೇ ನಿಮ್ಮ ಹಡಗು ಸಿಡಿದರೆ ಅದು ಪೂರ್ತಿ ಹೋಯ್ತು. ಮೊದಲು ಕಂಡವರು ಅಂತ ನಿಮ್ಮ ಹೆಸರೂ ಬೀಳೋದಿಲ್ಲ.